ಬಾವಿಯಿಂದ ಎತ್ತಿದ ಆಮೆ

ಶಿರಸಿಯ ನಮ್ಮ ಮನೆಯ ಬಾವಿಯಲ್ಲಿ ಒಂದು ಆಮೆ ಇತ್ತು. ನೀರು ಚೊಕ್ಕವಾಗಿರಲಿ ಎಂದು ಅತ್ತೆ ರಹಿಮತ್‌ಬಿ ಅದನ್ನು ಕಾನಸೂರಿನ ಹಳ್ಳದಿಂದ ತರಿಸಿ ಬಿಟ್ಟಿದ್ದರು. ಒಮ್ಮೆ ನನ್ನ ಕೊಡಪಾನ ಬಡಿದು ಅದರ ಚಿಪ್ಪಿನ ಅಂಚು ಒಡೆದಿತ್ತು.

ತೊಂಬತ್ತೆಂಟರಲ್ಲಿ ಮನೆಗೆ ನಲ್ಲಿ ಬಂತು. ಬಾವಿ ಮುಚ್ಚಿಸುವ ದಿನ ನಾನೇ ಬುಟ್ಟಿ ಇಳಿಸಿ ಆಮೆಯನ್ನು ಎತ್ತಿ, ಹಿತ್ತಲಿನಾಚೆಯ ಹಳ್ಳಕ್ಕೆ ಬಿಟ್ಟೆ. ಜೀವ ಉಳಿಸಿದೆನೆಂದು ಬೀಗಿದೆ ಕೂಡ.

ಪಕ್ಕದ ಮನೆಯ ವೇದಕ್ಕ ಬೇಲಿಯ ಹತ್ತಿರ ಬಂದರು. "ಎಂತಕ್ಕೆ ಅಲ್ಲಿ ಬಿಟ್ಯೇ ಸಾಮಿಯಾ? ಕೋಳಿ ಅಂಗಡಿ ಕಸ ಬಿದ್ದು ಬಿದ್ದು ಆ ಹಳ್ಳದ ತುಂಬ ಬರೀ ನಾಯಿನೇಯ."

ನನಗೆ ಸಿಟ್ಟು ಬಂತು. ಆ ನಾಯಿಗಳಲ್ಲಿ ಕೆಂಚಿಯೂ ಇತ್ತು. ಪ್ರತಿ ಶುಕ್ರವಾರ ಬಾವಿಯ ಪಕ್ಕದ ಒಗೆಯುವ ಕಲ್ಲಿನ ಮೇಲೆ ಎಲುಬು ಹಾಕಿ ನಾನೇ ಅದನ್ನು ಬೆಳೆಸಿದ್ದೆ. "ನಾಯಿ ಆಮೆ ತಿಂತದಾ ವೇದಕ್ಕ? ಅದಕ್ಕೆ ಚಿಪ್ಪಿಲ್ವಾ?" ಎಂದೆ.

ಮರುದಿನದಿಂದ ಹಿತ್ತಲಲ್ಲಿ ಕಲ್ಲಿಗೆ ಏನೋ ಉಜ್ಜುವ ಸದ್ದು. ಮುಚ್ಚಿದ ಬಾವಿಯೊಳಗೆ ಇನ್ನೊಂದು ಆಮೆ ಉಳಿದುಬಿಟ್ಟಿತೇ? ಹಾಡಹಗಲಲ್ಲೂ ಅತ್ತ ಹೋಗಲು ನನಗೆ ಧೈರ್ಯವಾಗಲಿಲ್ಲ.

ಮೂರನೇ ದಿನ ಸದ್ದು ನಿಂತಿತು. ಹೋಗಿ ನೋಡಿದೆ. ಒಗೆಯುವ ಕಲ್ಲಿನ ಮೇಲೆ ಖಾಲಿ ಚಿಪ್ಪು ಬಿದ್ದಿತ್ತು. ಹಲ್ಲಿನ ಗುರುತುಗಳೆಲ್ಲ ನನ್ನ ಕೊಡಪಾನ ಒಡೆದ ಅಂಚಿನಿಂದಲೇ ಶುರುವಾಗಿದ್ದವು.

ಪಕ್ಕದಲ್ಲಿ ಕೆಂಚಿ ಬಾಲ ಅಲ್ಲಾಡಿಸುತ್ತ ನನ್ನ ಕೈಯನ್ನೇ ನೋಡುತ್ತಿತ್ತು. ಅವತ್ತು ಶುಕ್ರವಾರ.