ಹಾಸಿಗೆ ಸಾಹುಕಾರರ ಹತ್ತು ತಿಂಗಳು

ಹಾಸಿಗೆ ಕಾರ್ಖಾನೆಯ ಸಾಹುಕಾರರು ಕಾರ್ ರೇಸ್ ತಂಡವನ್ನು ಕೊಂಡ ದಿನ ನೇರ ಶೆಡ್ಡಿಗೆ ಬಂದು, ಹೆಡ್ ಮೆಕ್ಯಾನಿಕ್ಕನ ಎಣ್ಣೆ ಮೆತ್ತಿದ ಕೈಯನ್ನೇ ಹಿಡಿದುಕೊಂಡಿದ್ದರು. "ಐದು ವರ್ಷ ನಾನೆಲ್ಲಿಗೂ ಹೋಗಲ್ಲ. ನೀವೂ ಹೋಗ್ಬೇಡಿ."

ಹಿಂದಿನ ಮೂವರು ಯಜಮಾನರೂ ಹೆಚ್ಚುಕಡಿಮೆ ಇದನ್ನೇ ಹೇಳಿ, ಎರಡು ವರ್ಷ ತುಂಬುವ ಮೊದಲೇ ತಂಡ ಮಾರಿ ಹೋಗಿದ್ದರು. ಆದರೆ ಅವರಾರೂ ಕೈ ಹಿಡಿದಿರಲಿಲ್ಲ. ಮೆಕ್ಯಾನಿಕ್ ನಂಬಿಬಿಟ್ಟ. ಭಾವ ಯಾರ್ಯಾರದೋ ಕೈಕಾಲು ಹಿಡಿದು ಗೊತ್ತು ಮಾಡಿದ್ದ ತಾಂತ್ರಿಕ ಶಾಲೆಯ ಮೇಷ್ಟರ ಕೆಲಸವನ್ನು ಅದೇ ವಾರ ಒಲ್ಲೆನೆಂದ. ಅಕ್ಕ ಒಂದು ತಿಂಗಳು ಮಾತು ಬಿಟ್ಟಳು.

ಹೊಸ ಯಜಮಾನರ ಇಷ್ಟದಂತೆ ಕಾರುಗಳು ನೀಲಿಯಿಂದ ಹಸಿರಾದವು. ಆಮೇಲಿನ ಅಷ್ಟೂ ರೇಸುಗಳಲ್ಲಿ ಒಂದೇ ಒಂದು ಸಲ ಆರನೆಯ ಸ್ಥಾನ ಬಂತು. ಹತ್ತು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಅವನು ಗೇರ್‌ಬಾಕ್ಸ್ ಬಿಚ್ಚಿ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಾಗ, ಶೆಡ್ಡಿನ ಪೇಂಟರ್ ಅಂದಿನ ಪೇಪರ್ ತಂದು ಮುಂದೆ ಹಿಡಿದ. ತಂಡ ಮಾರಾಟವಾಗಿತ್ತು.

ಮಧ್ಯಾಹ್ನ ಸಾಹುಕಾರರು ಒಬ್ಬರೇ ಬಂದರು. ಹಿಂದಿನವರು ಕಾಗದ ಕಳಿಸಿ ಕೈತೊಳೆದುಕೊಂಡಿದ್ದರು.

"ಬೈಯೋದಿದ್ರೆ ಬೈದ್ಬಿಡಿ."

"ಬೈಯೋಕೂ ಸುಸ್ತು ಸಾರ್. ಯಾಕೆ ಕೊಂಡ್ರಿ, ಅದೊಂದು ಹೇಳಿ."

ಸಾಹುಕಾರರು ಟೈರಿನ ಮೇಲೆ ಕೂತರು. "ಮೂವತ್ತು ವರ್ಷ ಹಾಸಿಗೆ ಮಾರಿದೆ. ಯಾವ ಮದುವೇಲೂ ಒಬ್ಬರಾದ್ರೂ ನನ್ನ ಹತ್ರ ಬಂದು ಹಾಸಿಗೆ ವಿಷಯ ಮಾತಾಡಿಲ್ಲ. ತಂಡ ಕೊಂಡ ಮಾರನೇ ದಿನ, ನನ್ನ ಫೋನ್ ಎತ್ತದೇ ಇದ್ದೋರೆಲ್ಲ ತಾವಾಗೇ ಫೋನ್ ಮಾಡಿದ್ರು."

"ಮತ್ತೆ ಮಾರಿದ್ದು?"

"ಅದೇ ಜನ 'ಯಾಕ್ರೀ ಸೋತ್ರಿ' ಅಂತ ಕೇಳೋಕೆ ಶುರು ಮಾಡಿದ್ರು. ನಂಗೇನು ಗೊತ್ತು? ಇರೋದೇ ಹತ್ತು ತಂಡ, ಹೊಸದು ಕಟ್ಟೋಕೆ ಯಾರಿಗೂ ಬಿಡಲ್ಲ. ಬೇಕು ಅನ್ನೋರು ಸಾಲಾಗಿ ನಿಂತಿದಾರೆ. ಹೋಟೆಲಿನವರೊಬ್ರು ನಾನು ಕೊಟ್ಟಿದ್ದಕ್ಕೆ ಎರಡರಷ್ಟು ಅಂದ್ರು. ಬೇಡ ಅನ್ನೋದು ನಮ್ಮಂಥೋರಿಗೆ ಅಭ್ಯಾಸ ಇಲ್ಲ."

ಎದ್ದು ಪಕ್ಕದ ಕಾರಿನ ಹತ್ತಿರ ಹೋಗಿ, "ಒಂದ್ಸಲ ಒಳಗೆ ಕೂತ್ಕೊಳ್ಲಾ? ಇದುವರೆಗೂ ಕೂತಿಲ್ಲ" ಎಂದರು.

ಕೂರುವುದೇನೋ ಕೂತರು, ಏಳಲಾಗಲಿಲ್ಲ. ಹೊಟ್ಟೆ ಸಿಕ್ಕಿಕೊಂಡಿತು. ಮೆಕ್ಯಾನಿಕ್ ಒಂದು ಕಂಕುಳಿಗೆ, ಪೇಂಟರ್ ಇನ್ನೊಂದಕ್ಕೆ ಕೈಹಾಕಿ ಎಳೆದರು. ಅಂಗಿಯ ಎರಡು ಗುಂಡಿ ಕಿತ್ತುಹೋದವು. ಮೂವರೂ ಏದುಸಿರು ಬಿಡುತ್ತಾ ನಿಂತರು. ಸಾಹುಕಾರರು ನಗುತ್ತಿದ್ದರು, ಕಣ್ಣು ಮಾತ್ರ ಒದ್ದೆಯಾಗಿತ್ತು. ಮೆಕ್ಯಾನಿಕ್ಕನಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಅದಕ್ಕೇ ಅವನಿಗೆ ಬೇಸರವಾಯಿತು.

ಮನೆಗೆ ಹೋದವನೇ ಭಾವನಿಗೆ ಫೋನ್ ಮಾಡಿದ.

"ಆ ಕೆಲಸ ಎಂದೋ ಹೋಯ್ತು ಕಣೋ" ಎಂದ ಭಾವ. "ವಾರಕ್ಕೆರಡು ದಿನ ಪಾಠ ಮಾಡೋರು ಬೇಕಂತೆ. ಸಂಬಳ ಅಷ್ಟಕ್ಕಷ್ಟೇ. ಯೋಚನೆ ಮಾಡಿ ಹೇಳು."

"ಹೋದ್ಸಲ ಯೋಚನೆ ಮಾಡಿಯೇ ಕೆಟ್ಟಿದ್ದು ಭಾವ. ಬರ್ತೀನಿ ಅಂತ ಹೇಳ್ಬಿಡಿ."

ಸೋಮವಾರ ಹೋಟೆಲಿನವರು ಪರಿವಾರಸಮೇತ ಬಂದು ಏಳು ವರ್ಷ ಎಲ್ಲಿಗೂ ಹೋಗುವುದಿಲ್ಲವೆಂಬ ಮಾತೆತ್ತಿದರು. ಮೆಕ್ಯಾನಿಕ್ ಪೂರ್ತಿ ಕೇಳಿಸಿಕೊಂಡು, "ಮಂಗಳವಾರ, ಶುಕ್ರವಾರ ನಾನಿರಲ್ಲ ಸಾರ್" ಎಂದ. ಅವರು ಕೂಡಲೇ ಒಪ್ಪಿದರು. ಅವರ ಕಣ್ಣೆಲ್ಲ ಕಾರಿನ ಹಸಿರು ಬಣ್ಣದ ಮೇಲಿತ್ತು.

ಮಾರನೆಯ ದಿನ ಅವನು ಮೂವತ್ತು ವಿದ್ಯಾರ್ಥಿಗಳ ಮುಂದೆ ನಿಂತು ಕ್ಲಚ್ ಒಂದನ್ನು ಬಿಚ್ಚಿ ತೋರಿಸಿದ. ಅಷ್ಟು ಮಾತಾಡಿ ರೂಢಿಯಿಲ್ಲದೆ ಅರ್ಧ ಗಂಟೆಯಲ್ಲೇ ಗಂಟಲು ಕಟ್ಟಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ನೀರಿನ ಬಾಟಲಿ ಕೊಟ್ಟಳು. ಕುಡಿದು, ಮುಂದುವರಿಸಿದ.