ಗೇಟಿನ ಬ್ಯಾನರ್

ಕ್ರಿಸ್ಪುಲೊನ ಗೇಟಿಗೆ ಕಟ್ಟಿದ್ದ ಬ್ಯಾನರಿನಲ್ಲಿ ಅವನ ತಂಗಿಯ ಮಗಳು ಲೊರ್ಲಿನ್ ನಗುತ್ತಿದ್ದಳು. ಮನಿಲಾದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಾಗ ಕಟ್ಟಿಸಿದ್ದು ಅದು. ಆ ಊರಲ್ಲಿ ಮಕ್ಕಳು ಗೆದ್ದರೆ ಬ್ಯಾನರ್ ಕಟ್ಟದವರಿಲ್ಲ. ಆದರೆ ತನ್ನ ಮುಖವನ್ನೂ ಹುಡುಗಿಯ ಮುಖದಷ್ಟೇ ದೊಡ್ಡದಾಗಿ ಹಾಕಿಸಿದವನು ಇವನೊಬ್ಬನೇ. ಬಾಡಿಗೆಗೆ ಟ್ರೈಸಿಕಲ್ ಓಡಿಸುತ್ತಿದ್ದ ಕ್ರಿಸ್ಪುಲೊ, ದಾರಿ ಸುತ್ತಾದರೂ ಸರಿ, ಹತ್ತಿದವರನ್ನೆಲ್ಲ ಆ ಗೇಟಿನ ಮುಂದಿನಿಂದಲೇ ಕರೆದೊಯ್ಯುತ್ತಿದ್ದ.

ಈಗ ಹುಡುಗಿ ರಜೆಗೆ ಬಂದು, "ತಿಯೊ, ಆ ಕಾಲೇಜು ಬಿಟ್ಟು ನಮ್ಮೂರ ಮೀನುಗಾರಿಕೆ ಕಾಲೇಜಿಗೆ ಸೇರ್ಕೊಳ್ಲಾ? ನೀವು ಹೇಳಿದ ಹಾಗೆ ಮಾಡ್ತೀನಿ" ಎಂದಳು. ತಾಯಿ ಸತ್ತ ಮೇಲೆ ಅವಳಿಗೆ ಕೇಳಲು ಇದ್ದವನು, ಅವಳು ತಿಯೊ ಎನ್ನುತ್ತಿದ್ದ ಈ ಮಾವನೊಬ್ಬನೇ.

ಅವನು ಯಾಕೆಂದು ಕೇಳಲಿಲ್ಲ. "ಮೀನು ಹಿಡಿಯೋಕೆ ಕಾಲೇಜು ಬೇಕಾ? ಈ ಬ್ಯಾನರ್ ಏನು ಮಾಡ್ಲಿ, ಹೊದ್ಕೊಂಡು ಮಲಗ್ಲಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ.

ಅಂದಿನಿಂದ ಅವಳು ಗೇಟು ಬಿಟ್ಟು, ಹಂದಿಗೂಡಿನ ಹಿಂದಿನ ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಓಡಾಡತೊಡಗಿದಳು. ಫೇಲಾಗಿಯೇ ಬಂದಿದ್ದಾಳೆಂದು ಅವನು ತೀರ್ಮಾನಿಸಿಬಿಟ್ಟಿದ್ದ. ಟ್ರೈಸಿಕಲ್ ಸ್ಟ್ಯಾಂಡಿನಲ್ಲಿ ಅವಳು ಕಾಲೇಜು ಬಿಡುವುದು ಯಾಕೆಂದು ಯಾರೋ ವಿಚಾರಿಸಿದಾಗ, "ಶ್ವಾಸಕೋಶದ್ದು ಏನೋ ತೊಂದ್ರೆ" ಎಂದು ಸುಳ್ಳು ಬಿಟ್ಟ.

ಮರುದಿನ ಮಧ್ಯಾಹ್ನ ಊರೆಲ್ಲ ಮನಾಂಗ್ ಎಂದು ಕರೆಯುವ ಪಕ್ಕದ ಮನೆಯ ಮುದುಕಿ ಪುರ್ಸಿಂಗ್ ಪಾತ್ರೆ ಹಿಡಿದು ಬಂದಳು.

"ಇಂದಾಯ್, ಮಗಳೇ, ಕೋಳಿ ಸಾರು. ನುಗ್ಗೆ ಸೊಪ್ಪು ಹಾಕಿದೀನಿ, ಎದೆಗೆ ಒಳ್ಳೇದು. ದೂರದಲ್ಲೇ ನಿಂತ್ಕೋತೀನಿ, ಬೇಜಾರು ಮಾಡ್ಕೋಬೇಡ."

"ನನಗಾ, ಮನಾಂಗ್?"

"ಮತ್ತೆ ಹಂದೀಗಾ? ನಿನ್ನ ಮಾವ ಹೇಳಿದ ಕಾಯಿಲೆ ಕೇಳಿ ಮೊಟ್ಟೆ ಇಡೋ ಕೋಳೀನೇ ಕೊಯ್ದೆ ಕಣೇ."

ಲೊರ್ಲಿನ್ ಮಾವನತ್ತ ನೋಡಿದಳು. ಅವನು ಟ್ರೈಸಿಕಲ್ಲಿನ ಚಕ್ರ ನೋಡಿದ. ಈಗ ಬಾಯಿ ಬಿಡುತ್ತಾಳೆ, ಮಾನ ಹೋಯಿತು ಎಂದುಕೊಂಡ. ಅವಳು ಎರಡೂ ಕೈಯಲ್ಲಿ ಪಾತ್ರೆ ತೆಗೆದುಕೊಂಡು, ಮುಖ ತಿರುಗಿಸಿ, ಒಮ್ಮೆ ಕೆಮ್ಮಿದಳು.

ಆ ಕೆಮ್ಮು ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಅವಳು ಬೈದಿದ್ದರೂ ತಡೆದುಕೊಳ್ಳುತ್ತಿದ್ದ.

ಮುದುಕಿ ಹೋದ ಮೇಲೆ ನೆಲ ನೋಡುತ್ತಲೇ ಕೇಳಿದ: "ಫೇಲಾದ್ಯಾ?"

"ಇಲ್ಲ ತಿಯೊ, ಎಲ್ಲಾ ಪಾಸು."

"ಮತ್ಯಾಕೆ?"

"ಅಲ್ಲಿ ಸೇತುವೆ ನಕ್ಷೆ ಬರೀತಾ ಕೂತ್ರೂ, ಅಮ್ಮ ಕೊಳದಲ್ಲಿ ಸಾಕಿದ್ದ ಮೀನು ಒಂದೇ ಸಲಕ್ಕೆ ಯಾಕೆ ಸತ್ವು ಅನ್ನೋದೇ ತಲೇಲಿ. ಮೊನ್ನೆ ಇಲ್ಲಿನ ಕಾಲೇಜಿಗೆ ಹೋಗಿ ಕೇಳ್ದೆ. ನನ್ನನ್ನ ಅವರ ಕೊಳದ ಹತ್ರ ನಿಲ್ಲಿಸಿ, ನೀರು ತೆಗೆದು, ಮೀನು ಯಾಕೆ ಹಾಗೆ ಸಾಯ್ತವೆ ಅಂತ ತೋರಿಸಿದ್ರು. ಇದನ್ನೇ ಕಲೀಬೇಕು ತಿಯೊ ನಾನು."

"ಮೊದ್ಲೇ ಹೇಳೋದಲ್ವಾ?" ಎಂದು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಕೇಳಿದ್ದರೆ ತಾನೇ ಅವಳು ಹೇಳುವುದು.

"ಸೇರ್ಕೋ" ಎಂದು ಏಣಿ ತಂದು ಗೇಟಿಗೆ ಒರಗಿಸಿ ಹತ್ತಿದ.

ಬ್ಯಾನರಿನ ಒಂದು ತುದಿ ಬಿಚ್ಚುವಷ್ಟರಲ್ಲಿ ಬೀದಿ ಸೇರಿತು. ಪುರ್ಸಿಂಗ್ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. "ಅಯ್ಯೋ, ಹೋಗ್ಬಿಟ್ಳಾ ಹುಡುಗಿ?"

"ಗುಂಡುಕಲ್ಲಿನ ಹಾಗಿದಾಳೆ! ಕಾಯಿಲೆ ಅಂತ ಸುಳ್ಳು ಹೇಳಿದ್ದು ನಾನು. ಊರ ಕಾಲೇಜಿಗೆ ಸೇರ್ತಾಳೆ. ನನಗೆ ಅದು ನಾಚಿಕೆ ಅನ್ನಿಸ್ತು, ಅದಕ್ಕೇ."

ಪುರ್ಸಿಂಗ್ ಕೇಳಿದಳು: "ಹಾಗಾದ್ರೆ ನನ್ನ ಕೋಳಿ?"

ಬೀದಿಯೆಲ್ಲ ಗೊಳ್ಳೆಂದಿತು. ಕ್ರಿಸ್ಪುಲೊ ಕಿವಿಯವರೆಗೂ ಕೆಂಪಾಗಿ, ಅರ್ಧ ಜೋತ ಬ್ಯಾನರಿನ ಹಿಂದೆ ಮುಖ ಮರೆಮಾಡಿಕೊಂಡು ನಿಂತ.

ಗದ್ದಲ ಕೇಳಿ ಮನೆಯೊಳಗಿಂದ ಬಂದ ಲೊರ್ಲಿನ್ ಕೆಳಗೆ ಏಣಿ ಗಟ್ಟಿಯಾಗಿ ಹಿಡಿದಳು.

"ಇಳೀರಿ ತಿಯೊ, ಸಾರು ಆರ್ತಾ ಇದೆ."