ಕಿವಿಯೋಲೆ ಬಿದ್ದದ್ದಲ್ಲ

ಬಣ್ಣವೆಲ್ಲ ಕೆಂಪಗೆ ತಿರುಗಿಬಿಟ್ಟಿದೆ, ಹಳೆಯ ಫಿಲ್ಮಿನ ಹಣೆಬರಹವೇ ಅಷ್ಟು, ಸಮುದ್ರವೂ ಕೆಂಪು, ಹುಡುಗಿಯರ ಹಲ್ಲೂ ಕೆಂಪು, ಎದೆಗೆ ಅಡ್ಡಲಾಗಿ ದೇಶದ ಹೆಸರಿನ ಪಟ್ಟಿ ತೊಟ್ಟು ಒಬ್ಬೊಬ್ಬಳಾಗಿ ವೇದಿಕೆಗೆ ಬರುತ್ತಿದ್ದಾರೆ, ಜಪಾನು, ಬ್ರೆಜಿಲ್ಲು, ಫಿನ್‌ಲ್ಯಾಂಡು — ತಾರಿಣಿಗೆ ಬೇಕಾದದ್ದು ಆರನೇ ನಿಮಿಷ, ಬೆಳಗಿನಿಂದ ಹನ್ನೊಂದು ಸಲ ನೋಡಿದ್ದಾಯಿತು, ಒಲೆಯ ಮೇಲೆ ಹುಳಿ ತಳ ಹಿಡಿದ ವಾಸನೆ, ಹಿಡಿಯಲಿ — ಬಂದಳು, ಅಮ್ಮನ ರೇಷ್ಮೆ ಸೀರೆ, ಫಿಲ್ಮಿನಲ್ಲಿ ಕಂದು, ಗಿಳಿಹಸಿರೆಂದು ತಾರಿಣಿಯೊಬ್ಬಳಿಗೆ ಗೊತ್ತು, ವೇದಿಕೆಯ ಅಂಚಿನಲ್ಲಿ ನಿಂತು, ಬಗ್ಗಿ, ಬಲಗೈ ನೆಲಕ್ಕೆ, ನೆಲದಿಂದ ಕಣ್ಣಿಗೆ. ಅಷ್ಟೆ, ನಾಲ್ಕು ಸೆಕೆಂಡು. ಹಿನ್ನೆಲೆಯಲ್ಲಿ ಆ ವಿವರಣೆಯ ಗಂಡಸು, ಅಯ್ಯೋ ಮಿಸ್ ಇಂಡಿಯಾ ಕಿವಿಯೋಲೆ ಬೀಳಿಸಿಕೊಂಡಳು ಅಂತ ಕಾಣುತ್ತೆ, ಯಾರಾದರೂ ಹುಡುಕಿಕೊಡಿ ಮಹನೀಯರೇ — ಜನ ಗೊಳ್ಳೆಂದು ನಕ್ಕರು. ನಿನ್ನ ನಾಲಿಗೆ ಸೇದಿಹೋಗ. ಐವತ್ತನಾಲ್ಕು ವರ್ಷವಾಯಿತು, ಸತ್ತೂ ಹೋಗಿರಬೇಕು, ಆದರೂ ಮತ್ತೆ ಮತ್ತೆ ಅದನ್ನೇ ಹೇಳುತ್ತಾನೆ.

ಲಿಂಕು ಕಳಿಸಿದವಳು ಮಗಳು ಧೃತಿ, ಆಫೀಸಿಗೆ ಹೋಗುತ್ತ ಟ್ರೇನಿನಿಂದ, ಅಮ್ಮಾ ನೋಡು, ಹಳೇ ಡಾಕ್ಯುಮೆಂಟರಿ, ಮೈಸೂರಿನವಳಂತೆ, ಶೀ ಲುಕ್ಸ್ ಎಗ್ಸಾಕ್ಟ್ಲಿ ಲೈಕ್ ಯೂ, ಯಾರಮ್ಮ ಇವಳು? ಯಾರೆಂದು ಹೇಳುವುದು, ನಿನ್ನ ದೊಡ್ಡಮ್ಮ ಪದ್ಮಜಾ ಕಣೇ ಎಂದೇ? ದೊಡ್ಡಮ್ಮನೇ ಇಲ್ಲದ ಮನೆಯಲ್ಲಿ ಬೆಳೆದ ಹುಡುಗಿ ಅವಳು. ಅಕ್ಕನ ಈಜುಡುಪಿನ ಫೋಟೋ ಪೇಪರಿನಲ್ಲಿ ಬಂದ ದಿನವೇ ಅಪ್ಪ, ಅವಳಿಗೆ ಎಳ್ಳುನೀರು ಬಿಟ್ಟೆ, ಈ ಮನೇಲಿ ಇನ್ನು ಅವಳ ಹೆಸರು ಎತ್ತಕೂಡದು ಎಂದರು, ಅಮ್ಮ ಗೋಡೆಯ ಫೋಟೋ ತೆಗೆದು ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟಳು, ಸ್ಪರ್ಧೆಗೆಂದು ಅಮೆರಿಕಕ್ಕೆ ಹೋದ ಅಕ್ಕ ನ್ಯೂಯಾರ್ಕಿನಲ್ಲೇ ನಿಂತುಬಿಟ್ಟಳು. ಆಗ ತಾರಿಣಿಗೆ ಹನ್ನೆರಡು, ಅದು ಅಪ್ಪನ ಪಾಪ, ಇರಲಿ. ಆಮೇಲಿನದು? ಮುಕುಂದನ ಕಡೆಯವರು ಹೆಣ್ಣು ನೋಡಲು ಬಂದಾಗ, ಒಬ್ಬಳೇ ಮಗಳೇನಮ್ಮ ಎಂದರು, ಹೂಂ ಎಂದವಳು ತಾನೇ, ಅಪ್ಪನೂ ಅಲ್ಲ ಅಮ್ಮನೂ ಅಲ್ಲ. ಆ ಒಂದು ಹೂಂ ಹೊತ್ತುಕೊಂಡು ಮದುವೆಯಾಗಿ ಈ ನ್ಯೂಜರ್ಸಿಗೆ ಬಂದಳು, ಅಕ್ಕ ನ್ಯೂಯಾರ್ಕಿನ ಬೆಲ್‌ರೋಸಿನಲ್ಲಿದ್ದಾಳೆ, ಮಕ್ಕಳಿಗೆ ಡ್ಯಾನ್ಸ್ ಹೇಳಿಕೊಡುತ್ತಾಳೆ ಎಂದು ಗೊತ್ತಾಯಿತು, ನಡುವೆ ಎರಡು ನದಿ, ಒಂದು ಗಂಟೆ ಡ್ರೈವ್, ಇವತ್ತು ಹೋದೇನು ನಾಳೆ ಹೋದೇನು — ಹೋಗಲಿಲ್ಲ.

ಹೋಗಲಿಲ್ಲವೆಂದರೆ ಪೂರ್ತಿ ನಿಜವಲ್ಲ, ಒಂದು ಸಲ, ಅಕ್ಕನ ಕಡೆಯ ಹಿಲ್‌ಸೈಡ್ ಅವೆನ್ಯೂನ ಇಂಡಿಯನ್ ಅಂಗಡಿಯಲ್ಲಿ, ಅತ್ತೆ ಹುಣಸೆಹಣ್ಣು ಮೂಸಿ ನೋಡುತ್ತಿದ್ದರು, ನಾಲ್ಕು ವರ್ಷದ ಧೃತಿ ಉಣ್ಣೆಯ ಕೈಗವಸು ಬೀಳಿಸಿದಳು, ಯಾರೋ ಬಗ್ಗಿದರು, ಬಲಗೈ ನೆಲಕ್ಕೆ, ನೆಲದಿಂದ ಮಗುವಿನ ಕೈಗೆ — ತಲೆಯೆತ್ತಿದರೆ ಅಕ್ಕ. ಕೂದಲು ಅರ್ಧ ನರೆತಿತ್ತು. ಅವಳ ತುಟಿ ತಾರೀ ಎನ್ನಲು ತೆರೆಯಿತು, ಅತ್ತೆಯ ಮೇಲೆ ಕಣ್ಣು ಬಿತ್ತು, ತುಟಿ ಮುಚ್ಚಿಕೊಂಡಿತು, ಮಗುವಿನ ಕೆನ್ನೆ ಸವರಿ ಹೊರಟೇಹೋದಳು. ಯಾರಮ್ಮ ಅವರು, ಪರಿಚಯದವರಾ? ಇಲ್ಲ ಅತ್ತೆ, ಯಾರೋ. ಯಾರೋ ಎಂದ ಬಾಯಿಗೆ ಹುಳ ಬೀಳಲಿಲ್ಲ, ಅನ್ನ ತಿಂದಿತು, ಇವತ್ತಿಗೂ ತಿನ್ನುತ್ತಿದೆ. ಕೋವಿಡ್ ವರ್ಷದ ಏಪ್ರಿಲ್‌ನಲ್ಲಿ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಎರಡು ಸಾಲು, ಬೆಲ್‌ರೋಸಿನ ಡ್ಯಾನ್ಸ್ ಟೀಚರ್ ಪದ್ಮಜಾ ತೀರಿಕೊಂಡರು, ಸಂಬಂಧಿಕರು ಯಾರೂ ಇಲ್ಲ, ಓಂ ಶಾಂತಿ. ತಾರಿಣಿಯೂ ಕೈಮುಗಿದ ಚಿಹ್ನೆ ಒತ್ತಿದಳು, ಎಲ್ಲರ ಹಾಗೆ. ಅತ್ತೆ ಹೋದರು, ಮುಕುಂದನೂ ಹೋದ, ಇನ್ನು ಯಾರಿಗೆ ಹೆದರಬೇಕು, ಯಾರಿಗೂ ಇಲ್ಲ, ಅಭ್ಯಾಸ ಅಷ್ಟೆ.

ಫೋನು ಬಡಿದುಕೊಳ್ಳುತ್ತಿದೆ, ಧೃತಿ, ಲಂಚ್ ಬ್ರೇಕ್ ಇರಬೇಕು. ನೋಡಿದ್ಯಾಮ್ಮ? ಹೂಂ, ನೋಡಿದೆ. ಯಾರು, ನಿಂಗೆ ಗೊತ್ತಾ? ಯಾ — ನಾಲಿಗೆಯ ತುದಿಯಲ್ಲೇ ಇದೆ ಅಂದು ಅತ್ತೆಗೆ ಹೇಳಿದ ಆ ಮಾತು, ಸವೆದು ನುಣ್ಣಗಾಗಿದೆ, ಜಾರಿಬಿಡುತ್ತದೆ — ಅಷ್ಟರಲ್ಲಿ ಧೃತಿ ನಕ್ಕಳು, ಸೋ ಫನ್ನಿ ಅಲ್ವಾ, ಸ್ಟೇಜ್ ಮೇಲೆ ಹೋಗಿ ಇಯರಿಂಗ್ ಬೀಳಿಸ್ಕೊಂಡಿದ್ದು. ಇಯರಿಂಗ್ ಅಲ್ಲ ಕಣೇ! ತನ್ನ ದನಿಗೆ ತಾನೇ ಬೆಚ್ಚಿದಳು. ಏನೂ ಬೀಳಿಸ್ಕೊಂಡಿಲ್ಲ ಅವಳು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು, ಡ್ಯಾನ್ಸಲ್ಲಿ ಹೆಜ್ಜೆ ಇಡೋಕ್ಮುಂಚೆ ಹಾಗ್ಮಾಡ್ಬೇಕು, ನಂಗೂ ಅವಳೇ ಹೇಳಿಕೊಟ್ಟಿದ್ದು, ನಡುಮನೇಲಿ, ನನ್ನ ಕೈ ಹಿಡಿದು ಬಗ್ಗಿಸಿ, ಭೂಮ್ತಾಯಿನ ತುಳೀತೀವಲ್ಲ ತಾರೀ, ಮೊದ್ಲೇ ಕ್ಷಮ್ಸು ಅಂತ ಕೇಳ್ಬಿಡ್ಬೇಕು, ಆಮೇಲೆ ಕೇಳೋಕೆ ಆಗಲ್ಲ ಅಂತ — ಅಮ್ಮಾ, ವೇಯ್ಟ್, ಯಾರು ಹೇಳ್ಕೊಟ್ಟಿದ್ದು? ನಮ್ಮಕ್ಕ. ನನ್ನ ಒಡಹುಟ್ಟಿದ ಅಕ್ಕ ಕಣೇ ಅವಳು, ಪದ್ದಕ್ಕ. ಆ ಕಡೆಯಿಂದ ಮೆಲ್ಲಗೆ, ವೇರ್ ಈಸ್ ಶೀ ನೌ, ಅಮ್ಮಾ? ಎಲ್ಲಿದ್ದಾಳೆ, ಎಲ್ಲಿ, ಯಾರು ಒಯ್ದರು, ಯಾರು ಸುಟ್ಟರು, ಬೂದಿ ಯಾವ ನೀರಿಗೆ ಬಿಟ್ಟರು, ಅದನ್ನಾದರೂ ಕೇಳಿದ್ದಳೇ ತಾರಿಣಿ — ಪರದೆಯ ಮೇಲೆ ಫಿಲ್ಮು ತಾನಾಗಿಯೇ ಮತ್ತೆ ಶುರುವಾಗಿದೆ, ಜಪಾನು, ಬ್ರೆಜಿಲ್ಲು, ಅಮ್ಮಾ ಆರ್ ಯೂ ದೇರ್, ಗಿಳಿಹಸಿರು ಸೀರೆ, ಬಗ್ಗಿದಳು, ಬಲಗೈ ನೆಲಕ್ಕೆ, ನೆಲಕ್ಕೆ, ಬಲಗೈ ನೆಲಕ್ಕೆ